ಮೇಷ್ಟ್ರು ಕೇಳಿದ ಪ್ರಶ್ನೆ

ಸೋಮವಾರ, ಮಧ್ಯಾಹ್ನ

ಪ್ರೀತಿಯ ಅತ್ತೆಯವರಿಗೆ, ನಿಮ್ಮ ಸೊಸೆಯ ನಮಸ್ಕಾರಗಳು.

ನಾನು ಕ್ಷೇಮ ಎಂದು ಬರೆದರೆ ನೀವು ನಂಬುವುದಿಲ್ಲ, ನೀವು ಕ್ಷೇಮವೇ ಎಂದು ಕೇಳಲು ನನಗೆ ಮುಖವಿಲ್ಲ. ಅದಕ್ಕೇ ಇಷ್ಟು ದಿನ ಪೆನ್ನು ಹಿಡಿಯಲಿಲ್ಲ, ಕ್ಷಮಿಸಿ. "ಫೋನಲ್ಲಿ ಒಂದು ಮಾತೂ ನೆಟ್ಟಗೆ ಆಡಲ್ಲ ನೀನು" ಎಂದು ನೀವು ಸಿಡುಕಿದ್ದು ಸರಿಯೇ. ಆದರೆ ನಮ್ಮ ಫೋನಿನಲ್ಲಿ ಮೂರನೆಯ ಕಿವಿಯೊಂದು ಕೂತಿರುತ್ತದೆ. ಈ ಕಾಗದ ತರುತ್ತಿರುವ ಲೇಡಿ ಡಾಕ್ಟರನ್ನು ನೀವು ಬಲ್ಲಿರಿ. ಜೈಲಿನೊಳಗೆ ಹೋಗಿ ಕೈದಿಗಳನ್ನು ನೋಡಲು ಅಲ್ಲಿಯವರು ಒಪ್ಪಿರುವುದು ಅವರೊಬ್ಬರನ್ನೇ. ಓದಿದ ಮೇಲೆ ಇದನ್ನು ಒಲೆಗೆ ಹಾಕಿಬಿಡಿ.

ಮೊದಲು ಒಳ್ಳೆಯ ಸುದ್ದಿ. ನಿಮ್ಮ ಮಗ ಬದುಕಿದ್ದಾರೆ.

"ಬದುಕಿದ್ದಾನೆ ಅಂತ ಅವರು ಬಾಯಲ್ಲಿ ಹೇಳಿದರೆ ಸಾಕಾ?" ಎಂದು ಕೇಳಿದ್ದಿರಿ. ಸಾಲದು. ಹಿಡಿದುಕೊಂಡು ಹೋದವರು "ಚೆನ್ನಾಗಿದ್ದಾರೆ" ಅಂದಾಗ, ಒಳಗಿರುವವರಿಗೂ ಮನೆಯವರಿಗೂ ಮಾತ್ರ ಗೊತ್ತಿರುವ ಸಂಗತಿಯೊಂದನ್ನು ಪ್ರಶ್ನೆ ಮಾಡಿ ಕಳಿಸುವುದು, ಹಿಡಿದಿಟ್ಟವರನ್ನು ಬಿಡಿಸುವ ನಮ್ಮ ಕೆಲಸದ ಪದ್ಧತಿ. ಉತ್ತರ ಸರಿಯಾಗಿದ್ದರೆ ಉಸಿರಿದೆ ಎಂದು ಅರ್ಥ. ಇಷ್ಟು ವರ್ಷ ಎಷ್ಟೋ ದೇಶಗಳ ಹೆಂಡಂದಿರನ್ನು, ತಾಯಂದಿರನ್ನು ಎದುರಿಗೆ ಕೂರಿಸಿಕೊಂಡು ಅಂಥ ಪ್ರಶ್ನೆ ಬರೆಸಿದ್ದೇನೆ. ಹೋದ ಸಲ ಡಾಕ್ಟರು ನಿಮ್ಮಿಂದ ಕೇಳಿಕೊಂಡು ಹೋದದ್ದೂ ಅದಕ್ಕೇ: ಚಿಕ್ಕವನಿದ್ದಾಗ ಮನೆಯಲ್ಲಿ ಏನನ್ನು ಬಚ್ಚಿಟ್ಟಿದ್ದೆ? ಉತ್ತರ ಬಂತು. "ಆಮೆ. ಅಮ್ಮನ ಬಟ್ಟೆ ಪೆಟ್ಟಿಗೆಯಲ್ಲಿ. ಅಮ್ಮ ನನಗೆ ಹೊಡೀಲಿಲ್ಲ, ಆಮೆಗೆ ಬೈದಳು." ಕಚೇರಿಯಲ್ಲಿ ಎಲ್ಲರೆದುರು ನಕ್ಕೆ. ಆಮೇಲೆ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತುಬಂದೆ.

ಅವರನ್ನು ಹಿಡಿದದ್ದು ನನ್ನ ಬಾಯಿ ಮುಚ್ಚಿಸಲು. ಆ ಜೈಲಿನ ಕುರಿತ ವರದಿಯನ್ನು ನಾನು ದೊಡ್ಡ ಸಭೆಯಲ್ಲಿ ಓದಿದ ಮರುದಿನವೇ, ಭೂಗೋಳದ ಪಾಠದ ನಡುವೆ ಮೇಷ್ಟ್ರನ್ನು ತರಗತಿಯಿಂದ ಎಳೆದುಕೊಂಡು ಹೋದರು. ಭೂಗೋಳ ಕಲಿಸುವ ಅವರು ಊರು ಬಿಟ್ಟವರಲ್ಲ. ಶಾಲೆಯಲ್ಲಿ ಭೂಗೋಳಕ್ಕೆ ಸೊನ್ನೆ ತೆಗೆದ ನಾನು ಭೂಮಿ ಸುತ್ತುತ್ತಿದ್ದೇನೆ. "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದಿರಿ ನೀವು. ಎದೆಗೆ ನಾಟಿತು. ಆದರೆ ಅದೇ ಸಂಜೆ ಪಕ್ಕದ ಮನೆಯಾಕೆ ಕೊಂಕು ತೆಗೆದಾಗ, "ನನ್ನ ಸೊಸೆ ಎಲ್ಲಿದ್ದರೂ ದಿನಾ ಫೋನ್ ಮಾಡ್ತಾಳೆ, ಅವನು ಏನು ಉಂಡ ಅನ್ನೋದು ನನಗಿಂತ ಮೊದಲು ಅವಳಿಗೆ ಗೊತ್ತು" ಎಂದು ಹಸಿ ಸುಳ್ಳು ಹೇಳಿ ಅವಳ ಬಾಯಿ ಮುಚ್ಚಿಸಿದ್ದೂ ನೀವೇ. ಡಾಕ್ಟರು ಹೇಳಿದರು.

ಈಗ ಗಮನವಿಟ್ಟು ಓದಿ. ಶುಕ್ರವಾರ ಬೆಳಿಗ್ಗೆ ನಿಮ್ಮ ಮಗನನ್ನು ಗಡಿಯ ಸೇತುವೆಯ ಹತ್ತಿರ ಬಿಟ್ಟುಕೊಡಲು ಒಪ್ಪಿದ್ದಾರೆ. ಈಚೆ ತುದಿಯಲ್ಲಿ ನಾನಿರುತ್ತೇನೆ. ಜೈಲಿನ ಅಧಿಕಾರಿ ಫೋನಿನಲ್ಲಿ, "ನೋಡಿ ಮೇಡಂ, ಶುಕ್ರವಾರ ದಾಟಿದರೆ ಈ ಆದೇಶ ಕಸದ ಬುಟ್ಟಿಗೆ. ಆಮೇಲೆ ನಮ್ಮನ್ನು ಕೇಳಬೇಡಿ" ಅಂದ. ನಯವಾಗಿಯೇ ಅಂದ. ಇಂಥವರು ನಯವಾಗಿ ಮಾತಾಡಿದಷ್ಟೂ ನನಗೆ ಭಯ ಜಾಸ್ತಿ.

ಆದರೆ ನಿಮ್ಮ ಮಗ ಸೇತುವೆಗೆ ಕರೆತರುವ ವ್ಯಾನು ಹತ್ತುವುದಿಲ್ಲ ಎಂದು ಪಟ್ಟು ಹಿಡಿದು ಕೂತಿದ್ದಾರೆ. "ನಿಮ್ಮ ಮೇಲೆ ಅನುಮಾನ ಇಲ್ಲ ಡಾಕ್ಟ್ರೇ, ನಿಮಗೇ ಯಾರಾದರೂ ಸುಳ್ಳು ಹೇಳಿ ಕಳಿಸಿರಬಹುದು" ಅಂದರಂತೆ. ಅವರನ್ನು ಬೈಯುವ ಹಾಗಿಲ್ಲ. ಬಿಡುಗಡೆ ಎಂದು ನಂಬಿಸಿ ವ್ಯಾನು ಹತ್ತಿಸಿದವರು ಮನೆ ಮುಟ್ಟದೇ ಹೋದ ಕಥೆಗಳನ್ನು ಊಟಕ್ಕೆ ಕೂತಾಗ ಹೇಳಿದವಳು ನಾನೇ. "ಮನೆಯವರಿಂದ ಗುರುತು ಬಾರದೆ ಹತ್ತಬೇಡಿ ಅಂತ ಎಲ್ಲರಿಗೂ ಹೇಳ್ತೀನಿ" ಅಂದಿದ್ದೆ. "ಉಣ್ಣೋ ಹೊತ್ತಲ್ಲಿ ಇದೆಂಥ ಮಾತೇ" ಎಂದು ನೀವು ಗದರಿದಿರಿ. ಅವರು ಉಣ್ಣುತ್ತಲೇ ಕೇಳಿಸಿಕೊಳ್ಳುತ್ತಿದ್ದರು. ಪಾಠ ಚೆನ್ನಾಗಿ ತಲೆಗೆ ಹತ್ತಿದೆ. ಈಗ ಅವರೇ ನನಗೊಂದು ಪ್ರಶ್ನೆ ಹಾಕಿದ್ದಾರೆ. ಸರಿಯಾದ ಉತ್ತರ ಬಂದರೆ ಮಾತ್ರ ಜಾಗ ಬಿಟ್ಟು ಏಳುತ್ತಾರಂತೆ. ಡಾಕ್ಟರು ಅದನ್ನು ಬಾಯಿಪಾಠ ಮಾಡಿಕೊಂಡು ಬಂದರು:

"ನೀನು ಊರಲ್ಲಿ ಇಲ್ಲದಾಗ ನಾನು ರಾತ್ರಿ ಎಲ್ಲಿ ಮಲಗ್ತೀನಿ?"

"ಎಂಥ ಗಂಡನ್ನ ಪಡೆದಿದ್ದೀರಿ ರೀ!" ಎಂದು ನಮ್ಮ ಟೈಪಿಸ್ಟಮ್ಮ ಕಣ್ಣೊರೆಸಿಕೊಂಡಳು. ನಾನೂ ತಲೆಯಾಡಿಸಿದೆ.

ಇದರಲ್ಲಿ ನಿಮ್ಮಿಂದ ಒಂದು ಸಣ್ಣ ಕೆಲಸ ಆಗಬೇಕು. ಇಂಥ ಉತ್ತರವನ್ನು ಮನೆಯ ಇಬ್ಬರು ಬೇರೆಬೇರೆಯಾಗಿ ಹೇಳಬೇಕು, ಎರಡೂ ಹೊಂದಿದರೆ ಮಾತ್ರ ಒಳಗೆ ಕಳಿಸಬೇಕು ಎಂದು ನಮ್ಮಲ್ಲಿ ನಿಯಮವಿದೆ. ನನ್ನದನ್ನು ಬರೆದಿಟ್ಟಿದ್ದೇನೆ. ನಿಮ್ಮದನ್ನು ಡಾಕ್ಟರ ಕಿವಿಯಲ್ಲಿ ಹೇಳಿ. ಒಂದೇ ಸೂರಿನಡಿ ಇರುವವರು, ನಿಮಗೆ ಗೊತ್ತಿದ್ದೇ ಇರುತ್ತದೆ. ಗುರುವಾರ ಡಾಕ್ಟರು ಜೈಲಿಗೆ ಹೋಗುತ್ತಾರೆ. ಅಷ್ಟರೊಳಗೆ ಆಗದಿದ್ದರೆ ಏನು ಎಂದು ನಾನು ಯೋಚಿಸುತ್ತಿಲ್ಲ, ನೀವೂ ಯೋಚಿಸಬೇಡಿ.

ಮಂಡಿ ನೋವಿನ ಮಾತ್ರೆ ತಪ್ಪಿಸಬೇಡಿ. ಬಾಗಿಲು ಬಡಿದರೆ ಯಾರೆಂದು ಕೇಳದೆ ತೆಗೆಯಬೇಡಿ. ಶುಕ್ರವಾರ ಬೆಳಿಗ್ಗೆ ಎದ್ದ ಕೂಡಲೇ ನಮ್ಮಿಬ್ಬರನ್ನೂ ಒಟ್ಟಿಗೆ ನೆನೆದು ಹರಸಿ. ನೀವು ಬೈದದ್ದು ಎಷ್ಟೋ ಸಲ ಫಲಿಸಿದೆ, ಹರಸಿದ್ದೂ ಫಲಿಸಲಿ.

ಇತಿ,
ನಿಮ್ಮ ಸೊಸೆ

ತಾ.ಕ.: ಡಾಕ್ಟರು ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ. ಹರಿದು ಮತ್ತೆ ಬರೆಯಲು ಹೊತ್ತಿಲ್ಲ. ಇಬ್ಬರು ಹೇಳಬೇಕೆಂಬ ನಿಯಮ ಎಲ್ಲೂ ಇಲ್ಲ, ಅತ್ತೆ. ನಾನು ಹುಟ್ಟಿಸಿದ್ದು. ಬರೆದಿಟ್ಟದ್ದೂ ಏನಿಲ್ಲ. ನೀವು ಎಂದಿನಂತೆ ನನ್ನ ಮಾನ ಕಾಯಲು ಹೋಗಿ "ಸೊಸೆ ಬರೆದದ್ದೇ ಸರಿ" ಎಂದುಬಿಟ್ಟರೆ ಗತಿಯೇನು ಎಂದು ಈಗ ಹೊಳೆಯಿತು. ಮಂಚ, ಸೋಫಾ, ಮಹಡಿ, ನಿಮ್ಮ ಕೋಣೆಯ ಹೊಸ್ತಿಲು, ನಿನ್ನೆಯಿಂದ ಮನೆಯ ಮೂಲೆಮೂಲೆಯಲ್ಲೂ ಅವರನ್ನು ಮಲಗಿಸಿ ನೋಡಿದೆ. ಜೊತೆಯ ವಕೀಲರು "ಒಂದು ಊಹಿಸಿ ಹೇಳಿ" ಅಂದರು. ನಿಮ್ಮ ಮಗನ ಜೀವದ ಮೇಲೆ ನಾನು ಊಹೆ ಕಟ್ಟಲಾರೆ. ನನಗೆ ಗೊತ್ತಿದೆ ಎಂದು ನಂಬಿಯೇ ಕೇಳಿದ್ದಾರೆ. ಡಾಕ್ಟರಿಗೆ ಹೇಳಿ. ಆಮೇಲೆ ಬಾಯಿ ತುಂಬ ಬೈದು ನನಗೂ ಒಂದು ಸಾಲು ಬರೆಯಿರಿ: ನನ್ನ ಗಂಡ ಎಲ್ಲಿ ಮಲಗುತ್ತಾರೆ?