ಹಿತ್ತಲಿನ ಎರಡನೇ ತೊಟ್ಟಿ

ಆಬಾ ಪಟ್ಟಣ, ಶನಿವಾರ

ಮನೆ ಯಜಮಾನರಾದ ಒಕ್ವುಡಿಲಿಯವರಿಗೆ ಬರಿಲೇಯ ವಂದನೆಗಳು.

ಹಿತ್ತಲಿನಲ್ಲಿ ಇನ್ನೊಂದು ಮೀನಿನ ತೊಟ್ಟಿ ಕಟ್ಟಿಸಲು ತಮ್ಮ ಒಪ್ಪಿಗೆ ಬೇಕಿತ್ತು. ವಾಸನೆ ಬಾರದಂತೆ ನೀರು ಬದಲಿಸುತ್ತಿರುತ್ತೇವೆ.

ತೈಲದ ಕೊಳವೆ ಒಡೆದು ನಮ್ಮೂರ ಹೊಳೆಯ ಮೀನೆಲ್ಲ ಸತ್ತ ಮೇಲೆ ಅಪ್ಪ ನನ್ನ ಬಳಿಗೆ ಬಂದರು. ಬಲೆ ಬೀಸಿದ ಕೈಗೆ ಕೆಲಸವಿಲ್ಲದೆ ಬಾಗಿಲಲ್ಲಿ ಸುಮ್ಮನೆ ಕೂತಿರುತ್ತಿದ್ದರು. ನೋಡಲಾರದೆ, ತಾವು ಒಪ್ಪಿದ ಮೊದಲ ತೊಟ್ಟಿಗೆ ಮೀಸೆಮೀನಿನ ಮರಿಗಳನ್ನು ತಂದು ಬಿಟ್ಟೆ.

“ಇದೇನೇ, ಮೀನೋ ಗೊದಮೊಟ್ಟೆಯೋ?” ಎಂದು ಅಪ್ಪ ಹಂಗಿಸಿದರು. ಮರುದಿನ ನೋಡಿದರೆ ಅವರೇ ಮೇವು ಹಾಕುತ್ತ, “ನಿಧಾನ ತಿನ್ರೋ, ಹೊಟ್ಟೆಬಾಕಗಳಾ!” ಎಂದು ಬೈಯುತ್ತಿದ್ದರು.

ಮರಿಗಳು ಬೆಳೆದು ದೊಡ್ಡವಾಗಿ, ಇಂದು ಮೊದಲ ಸಲ ಮೀನು ಹಿಡಿದೆವು. ತೊಟ್ಟಿಗಿಳಿದ ಅಪ್ಪನನ್ನು ಒಂದು ಮೀನು ಬೀಳಿಸಿಯೇಬಿಟ್ಟಿತು. ಎದ್ದವರೇ ಮೈಯೆಲ್ಲ ತೊಯ್ದು ತೊಪ್ಪೆಯಾಗಿದ್ದರೂ ನಕ್ಕರು. ಊರು ಬಿಟ್ಟ ಮೇಲೆ ಆ ನಗುವನ್ನು ನಾನು ಕೇಳಿರಲಿಲ್ಲ. ನೆರೆದ ಬೀದಿಯೇ ಹಣ ಕೊಟ್ಟು ಮೀನನ್ನೆಲ್ಲ ಕೊಂಡುಹೋಯಿತು.

ಖಾರದ ಸಾರಿಗೆ ಮೀನು ಬೇಕೆಂದು ತಡವಾಗಿ ಬಂದ ತಮ್ಮ ತಾಯಿಯವರಿಗೆ ಒಂದೂ ಉಳಿಯಲಿಲ್ಲ. “ಇನ್ನೊಂದು ತೊಟ್ಟಿ ಕಟ್ಟು ಮಗಳೇ. ನನ್ನ ಮಗ ಏನಾದ್ರೂ ಅಂದ್ರೆ ನಾನು ನೋಡ್ಕೋತೀನಿ” ಎಂದು ಹೇಳಿಹೋದರು. ಆದರೂ ತಮ್ಮನ್ನು ಕೇಳುವುದು ಧರ್ಮ.

ದಯವಿಟ್ಟು ಬೇಗ ತಿಳಿಸಿ. ಅಪ್ಪ ಆಗಲೇ ಅಗೆಯುತ್ತಿದ್ದಾರೆ.

ತಮ್ಮ ಬಾಡಿಗೆ ಮನೆಯ
ಬರಿಲೇ