ಗಂಗಕ್ಕನ ಸೆಟ್ಟಿಂಗ್

ಜುಲೈ 1, 1991, ಸೋಮವಾರ

ಇವತ್ತೂ ಲೋಕಲ್ ರೈಲಿನಲ್ಲಿ ಬೊರಿವಲಿಯಿಂದ ನಿಂತೇ ಬಂದೆ. ಅಂಧೇರಿಯಲ್ಲಿ ನಾನು ಇಳಿಯಲಿಲ್ಲ, ಹಿಂದಿನವರು ಇಳಿಸಿದರು.

ಸರ್ವರ್ ರೂಮಿನ ಎ.ಸಿ. ಒಂದೇ ಸುಖ. ನೆಟ್‌ವರ್ಕ್ ಬಂದಮೇಲೆ ಫ್ಲೋರಿಗೆ ಹೋಗುವುದೇ ಬೇಡ. ಯಾರಿಗೆ ಯಾವ ಪ್ರಿಂಟರ್, ಯಾರ ಪರದೆಯಲ್ಲಿ ಏನು ಕಾಣಬೇಕು — ಎಲ್ಲ ನನ್ನ ಕುರ್ಚಿಯಿಂದಲೇ. ಅಮ್ಮನಿಗೆ ಹೇಳಿದರೆ, "ಹಾಗಾದ್ರೆ ಅಷ್ಟು ದೂರ ಯಾಕೇ ಹೋಗ್ತೀಯ?" ಅಂತಾಳೆ.

ಮಧ್ಯಾಹ್ನ ಟೈಪಿಂಗ್ ಸೆಕ್ಷನ್ನಿಂದ ಗಂಗಕ್ಕನ ಫೋನು. ಗಂಗುಬಾಯಿ — ಬಿಜಾಪುರದ ಕಡೆಯವರು, ಇಪ್ಪತ್ತು ವರ್ಷ ಟೈಪ್‌ರೈಟರ್ ಕುಟ್ಟಿದವರು. ಮಷೀನ್ ನಿಂತುಹೋಗಿ ಮೂರು ಪುಟ ಮಾಯ. ಸೇವ್ ಮಾಡಿರಲಿಲ್ಲ.

"ಹೊಡದದ್ದು ಕಾಗದದ ಮ್ಯಾಲೆ ಇರ್ತದಲ್ಲವ್ವಾ. ಮತ್ತ ಮತ್ತ 'ಇರು, ಇರು' ಅಂತ ಅದಕ್ಕ ಯಾಕ ಹೇಳಬೇಕು?"

ನಗು ಬಂತು. ಪ್ರಶ್ನೆ ಏನೋ ಸರಿಯಾಗಿಯೇ ಇದೆ.

ಜುಲೈ 3, ಬುಧ

ಮ್ಯಾನೇಜರ್ ಕರ್ಣಿಕ್ ಸಾಹೇಬರ ಸರ್ಕ್ಯುಲರ್. ಹನ್ನೆರಡನೇ ತಾರೀಕು ಟೈಪಿಸ್ಟರಿಗೆಲ್ಲ ಕಂಪ್ಯೂಟರ್ ಪರೀಕ್ಷೆ. ಫೇಲಾದವರು ಮನೆಗೆ. ಗಂಗಕ್ಕನ ಗಂಡ ಮಿಲ್ ಮುಚ್ಚಿದಾಗಿನಿಂದ ಮನೆಯಲ್ಲೇ. ಇವರ ಸಂಬಳದಲ್ಲೇ ಐದು ಜನ ಉಣ್ಣಬೇಕು.

ಬೆರಳಿಗೆ ದಾರ ಕಟ್ಟಿಕೊಂಡಿದ್ದಾರೆ, ಸೇವ್ ಮರೆಯದಿರಲಿ ಅಂತ. ದಾರ ನೋಡುವುದರಲ್ಲೇ ಸ್ಪೀಡು ಅರ್ಧಕ್ಕೆ ಇಳಿದಿದೆ. ಕಣ್ಣಲ್ಲಿ ನೀರು.

ತಾನಾಗಿ ಸೇವ್ ಆಗುವ ಸೆಟ್ಟಿಂಗ್ ಒಂದಿದೆ. ನೆಟ್‌ವರ್ಕ್ ನಿಧಾನವಾಗುತ್ತದೆಂದು ಸಾಹೇಬರು ಯಾರಿಗೂ ಕೊಡಬೇಡ ಅಂದಿದ್ದಾರೆ. ಗಂಗಕ್ಕನ ಹೆಸರಿಗೆ ಮಾತ್ರ ಹಾಕಿಬಿಟ್ಟೆ... ಯಾರಿಗೂ ಹೇಳಿಲ್ಲ. ಪ್ರೊಬೇಷನ್ನಿನಲ್ಲಿರುವವಳು ನಾನು.

ಕೆಳಗೆ ಹೋಗಿ, "ಆ ದಾರ ಬಿಚ್ಚಿ ಗಂಗಕ್ಕ. ಸೇವ್ ನಾನು ನೋಡ್ಕೋತೀನಿ, ನೀವು ಸುಮ್ನೆ ಕುಟ್ಟಿ" ಅಂದೆ.

"ಖರೇನ ರಮಾ?"

"ಖರೇನೇ."

ಜುಲೈ 10, ಬುಧ

ಗಂಗಕ್ಕನ ಬೆರಳು ಈಗ ಕುದುರೆ. ಸೆಕ್ಷನ್ನಿಗೇ ಫಸ್ಟ್. ನನಗೆ ಒಂದು ಮೊಳ ಮಲ್ಲಿಗೆ, ಮಾಟುಂಗದಿಂದ. ಲಂಚ! ಮುಡಿದುಕೊಂಡೆ.

ಜುಲೈ 11, ಗುರು

ಫೋರ್ಟಿನ ಹೆಡ್ ಆಫೀಸಿಂದ ಆರ್ಡರ್ — ಎಲ್ಲ ಮಷೀನಿಗೂ ಒಂದೇ ಸೆಟ್ಟಿಂಗ್ ಇರಬೇಕು, ಪರೀಕ್ಷೆಗೆ ಮುಂಚೆ. ಸಾಹೇಬರು ಬಾಗಿಲಲ್ಲೇ ನಿಂತು, "ಸಬ್‌ಕಾ ಏಕ್ ಜೈಸಾ ಚಾಹಿಯೆ. ಆಜ್ ಹೀ" ಅಂದರು. ಒಂದು ಫೈಲ್ ಮಾಡಿ ಎಲ್ಲರಿಗೂ ಒಟ್ಟಿಗೆ ಕಳಿಸಿದೆ. ಚಹಾ ಆರುವುದರೊಳಗೆ ಇಡೀ ಫ್ಲೋರ್ ಮುಗೀತು. "ವಾಹ್" ಅಂದರು. ರೈಲಿನಲ್ಲಿ ಸೀಟೂ ಸಿಕ್ಕಿತು. ಒಳ್ಳೇ ದಿನ.

ಜುಲೈ 12, ಶುಕ್ರ

ಪರೀಕ್ಷೆ ನಡುವೆ ಯಾರದೋ ಕಾಲು ನೆಟ್‌ವರ್ಕ್ ಕೇಬಲ್ಲಿಗೆ ತಗುಲಿತು. ಎಲ್ಲ ಮಷೀನೂ ಹ್ಯಾಂಗ್. ತಿರುಗಿ ಶುರುಮಾಡಿಸಿದೆ. ಉಳಿದವರು ಪುಟಪುಟಕ್ಕೂ ಸೇವ್ ಮಾಡಿದ್ದರು. ಗಂಗಕ್ಕನ ಫೈಲೇ ಇಲ್ಲ.

"ರಮಾ ಅದಾಳ, ಆಕಿ ತಗೀತಾಳ" ಅಂತ ಗಂಗಕ್ಕ ಎಲ್ಲರೆದುರು ನನ್ನನ್ನೇ ನೋಡುತ್ತಿದ್ದರು. ಆಗ ಹೊಳೆಯಿತು. ನಿನ್ನೆ ಕಳಿಸಿದ ಫೈಲು ಅವರ ಸೆಟ್ಟಿಂಗನ್ನೂ ಅಳಿಸಿದೆ. ಅಳಿಸಿದವಳು ನಾನು. ದಾರ ಬಿಚ್ಚಿಸಿದವಳೂ ನಾನು.

"ಸಿಗ್ತಾ ಇಲ್ಲ" ಅಂದೆ. ಅಷ್ಟೇ ಅಂದೆ.

ಜುಲೈ 15, ಸೋಮ

ಸಾಹೇಬರಿಗೆ ಹೇಳಲು ಹೋದೆ. "ಕ್ಯಾ ಹೈ?" ಅಂದರು. ಪ್ರಿಂಟರ್ ರಿಬ್ಬನ್ ಮುಗಿದಿದೆ ಅಂದೆ. ಥೂ.

ಜುಲೈ 31, ಬುಧ

ಬೆಳಿಗ್ಗೆ ನನ್ನ ಕನ್ಫರ್ಮೇಷನ್ ಬಂತು, ಕೆಲಸ ಖಾಯಂ. ಮಧ್ಯಾಹ್ನ ಸಾಹೇಬರ ಫೋನು — ಇವತ್ತು ಗಂಗುಬಾಯಿಯ ಕೊನೇ ದಿನ, ಹೆಸರು ನೆಟ್‌ವರ್ಕಿನಿಂದ ತೆಗೆ. ಕುರ್ಚಿಯಿಂದ ಏಳಬೇಕಾಗಲಿಲ್ಲ. ತೆಗೆದೆ.

ಸಂಜೆ ಗಂಗಕ್ಕ ಸರ್ವರ್ ರೂಮಿಗೇ ಬಂದರು. ಡಬ್ಬಿ ತುಂಬ ಶೇಂಗಾ ಹೋಳಿಗೆ.

"ನೀ ಭಾಳ ಕಲಿಸಿದಿ ರಮಾ. ನನ್ನ ತಲ್ಯಾಗ ಇಳೀಲಿಲ್ಲ. ಅದಕ್ಕ ನೀ ಏನ್ ಮಾಡ್ತಿ?"

"ಗಂಗಕ್ಕ, ಅದು ನಿಮ್ಮ ತಪ್ಪಲ್ಲ, ನಾನು—"

ಒಂದು ಚೂರು ಮುರಿದು ಬಾಯಿಗೇ ಇಟ್ಟರು. "ಮೊದಲ ತಿನ್ನು. ಆಮ್ಯಾಲೆ ಹೇಳೀಯಂತ."

ತಿಂದೆ. ಆಮೇಲೆ ಹೇಳಲಿಲ್ಲ, ಇನ್ನೊಂದು ಚೂರು ತಿಂದೆ.