ಲೈನಿಂಗಿನಡಿಯ ಎರಡಿಂಚು

ಅಮ್ಮ,

ಇವತ್ತು ಡಾಕ್ಟರ್ ತೂಕ ಇಳಿಸುವ ಇಂಜೆಕ್ಷನ್ ಬರೆದುಕೊಟ್ಟರು. ವಾರಕ್ಕೊಂದು, ನಾನೇ ಹೊಟ್ಟೆಗೆ ಚುಚ್ಚಿಕೊಳ್ಳಬೇಕಂತೆ. "ಯೋಚನೆ ಮಾಡಿ ಹೇಳ್ತೀನಿ" ಅಂದೆ.

"ಮನೇಲಿ ಇನ್ಯಾರಾದ್ರೂ ದಪ್ಪ ಇದ್ರಾ?" ಅಂತ ಕೇಳಿದರು.

"ನಮ್ಮಮ್ಮ. ಎದೆನೋವು ಬಂದ್ರೂ ಆಸ್ಪತ್ರೆಗೆ ಬರ್ಲಿಲ್ಲ. ತೂಕದ ಮಷಿನ್ ಹತ್ತಿಸ್ತಾರೆ ಅಂತ ನಾಚಿಕೆ. ಹಾಗೇ ಹೋಗ್ಬಿಟ್ರು."

ಮನೆಗೆ ಬಂದು, ನೀನು ಕೊನೆಯದಾಗಿ ಹೊಲಿದ ಹಸಿರು ಅಂಗಿ ತೆಗೆದೆ. ಗಿರಾಕಿಗಳ ಬಟ್ಟೆಗೆ ಹೊಲಿಗೆಯೊಳಗೆ ಅರ್ಧ ಇಂಚು ಬಿಡುತ್ತಿದ್ದವಳು ನನ್ನದಕ್ಕೆ ಮಾತ್ರ ನೀನು ಎರಡಿಂಚು ಬಿಡುತ್ತಿದ್ದೆ. ನಾನು ಊದಿಕೊಂಡಾಗೆಲ್ಲ ನೀನು ತುಟಿ ಪಿಟಕ್ಕೆನ್ನದೆ ಬಿಚ್ಚಿ ಅಗಲ ಮಾಡಿಕೊಡುತ್ತಿದ್ದೆ. "ನಾನು ದಪ್ಪ ಆಗೇ ಆಗ್ತೀನಿ ಅಂತ ಬರೆದಿಟ್ಟಿದ್ದೀಯಾ?" ಅಂತ ಒಂದು ದಿನ ಎಗರಾಡಿದೆ. ಅದಾದ ಮೇಲೆ ಹೊಲಿದದ್ದೇ ಈ ಅಂಗಿ. "ನೋಡು, ಏನೂ ಬಿಟ್ಟಿಲ್ಲ" ಅಂದಿದ್ದೆ ನೀನು. ನಾನು ಹಾಕಲೇ ಇಲ್ಲ.

ಇವತ್ತು ಹಾಕಿದರೆ ಬಿಗಿಯಾಗಿ ಮೈಗೇರಲಿಲ್ಲ. ಸಿಟ್ಟಿನಲ್ಲಿ ಲೈನಿಂಗ್ ಬಿಚ್ಚಿದೆ. ಅದರಡಿ, ನನ್ನ ಕಣ್ಣಿಗೆ ಬೀಳದ ಹಾಗೆ ಮಡಿಚಿಟ್ಟ ಅದೇ ಎರಡಿಂಚು.

ನಾಳೆ ಡಾಕ್ಟರಿಗೆ ಹೂಂ ಅಂತೀನಿ. ಅಂಗಿ ಸಡಿಲವಾದರೆ ಹಿಡಿದು ಹೊಲೀತೀನಿ, ಒಳಗಿನ ಆ ಎರಡಿಂಚಿಗೆ ಕತ್ತರಿ ಹಾಕಲ್ಲ.

ತೂಕದ ಮಷಿನ್ ಹತ್ತಿ ಇಳಿಯೋದು ಅರ್ಧ ನಿಮಿಷದ ಕೆಲಸ ಅಮ್ಮ. ನಾನೇ ಕೈ ಹಿಡಿದು ಹತ್ತಿಸಬಹುದಿತ್ತು.